ಮನೆಗೊಂದು ತುತ್ತು

ನಮ್ಮೂರಿಗೂ ಆಚೆ ಊರಿಗೂ ಸೇರಿ ಇರುವುದು ಒಂದೇ ಕೆರೆ. ಶಿವರಾತ್ರಿ ಮುಗಿದು ಬಿಸಿಲು ಏರುವ ಹೊತ್ತಿಗೆ ಎರಡೂ ಊರಿನ ಹೈಸ್ಕೂಲು ಹುಡುಗಿಯರು ನಡುವಿನ ಬಯಲಿನಲ್ಲಿ ಹಗ್ಗ ಜಗ್ಗುತ್ತಾರೆ. ಗೆದ್ದವರ ಊರಿಗೆ ಕೆರೆ ಬರುತ್ತದೆ. ಅಂದು ಸಂಜೆ ಹೊರಟು, ಬೆಳಗಾಗುವುದರೊಳಗೆ ಬಂದು ಸೇರಿ, ಮುಂದಿನ ಆಟದವರೆಗೆ ಅಲ್ಲೇ ಇರುತ್ತದೆ. ಸೋತ ಊರಿನವರು ವರ್ಷವಿಡೀ ಬಯಲು ದಾಟಿ ಹೋಗಿ, ಗೆದ್ದವರು ತುಂಬಿಕೊಂಡಾದ ಮೇಲೆ, ನಡು ಮಧ್ಯಾಹ್ನದ ಬಿಸಿಲಿನಲ್ಲಿ ಕೊಡ ತುಂಬಿಕೊಳ್ಳಬೇಕು. ಅದಕ್ಕೇ ನಮ್ಮಲ್ಲಿ ಹಗ್ಗ ಹುಡುಗಿಯರದು. ನೀರು ಹೊರುವವರೇ ಜಗ್ಗಬೇಕಲ್ಲ. ಹುಡುಗರದೇನಿದ್ದರೂ ಸಿಳ್ಳೆ ಹೊಡೆಯುವ ಕೆಲಸ. ಅದನ್ನು ಅವರು ಬಹಳ ಚೆನ್ನಾಗಿ ಮಾಡುತ್ತಾರೆ.

ಹಗ್ಗದ ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು ಎಲ್ಲರಿಗಿಂತ ಹಿಂದೆ ನಿಲ್ಲುವವಳನ್ನು ಗೂಟ ಎನ್ನುತ್ತೇವೆ. ಮುಂದಿನವರು ಎಷ್ಟೇ ಜಗ್ಗಲಿ, ಗೂಟ ಕದಲಿದರೆ ಮುಗಿಯಿತು. ಗೂಟಕ್ಕೆ ಎರಡು ಕಟ್ಟಳೆ ಇವೆ. ಹಗ್ಗವನ್ನು ಅವಳ ಸೊಂಟಕ್ಕೆ ಹೆತ್ತವಳೇ ಕಟ್ಟಬೇಕು, ಬೇರೆಯವರು ಹಾಕಿದ ಗಂಟು ಅಲ್ಲಿ ನಿಲ್ಲುವುದಿಲ್ಲ. ಇನ್ನೊಂದು ಊಟದ್ದು. ದಿನಾ ಸಂಜೆ ಊರಿನ ಮನೆಮನೆಯಿಂದ ಒಂದೊಂದು ತುತ್ತು ಬರುತ್ತದೆ, ತಂದವರೇ ಕೈಯಾರೆ ಅವಳ ಬಾಯಿಗಿಡುತ್ತಾರೆ. ಕೊನೆಯ ಮನೆಯ ತುತ್ತು ಒಳಗೆ ಹೋಗುವತನಕ ಅವಳು ಸಾಕು ಅನ್ನುವಂತಿಲ್ಲ. ಅಂದರೆ ಊರಿಗೆ ನೀರು ಸಾಕು ಅಂದ ಹಾಗೆ ಎಂದು ಹಿರಿಯರು ಹೇಳುತ್ತಾರೆ.

ನನ್ನ ಮಗಳು ಕಸ್ತೂರಿ ಎಂಟನೇ ಕ್ಲಾಸಿನಲ್ಲಿ ಗೂಟವಾದಳು. ಹುಟ್ಟಿದಾಗಲೇ ಮೈಕೈ ತುಂಬಿಕೊಂಡ ಕೂಸು ಅದು. ಈಗ ಹತ್ತನೇ ಕ್ಲಾಸು. ಅವಳು ನಿಂತ ಮೇಲೆ ಕೆರೆ ನಮ್ಮೂರು ಬಿಟ್ಟು ಹೋಗಿರಲಿಲ್ಲ. ನಾನು ಬಜಾರಿನ ಬಾಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತೇನೆ. ಮೋಟರಿನ ಸಪ್ಪಳದ ಮೇಲೆ ಮಾತಾಡಿ ಮಾತಾಡಿ ನನ್ನ ದನಿ ದೊಡ್ಡದಾಗಿದೆ. ಹುಟ್ಟಿದಾಗಿನಿಂದಲೇ ದೊಡ್ಡದು ಎಂದು ಕಸ್ತೂರಿಯ ಅಪ್ಪ ಹೇಳುತ್ತಾರೆ. ಅವರು ಅದೇ ಕೆರೆಯಲ್ಲಿ ಮೀನು ಹಿಡಿಯುವವರು. ಕೆರೆ ಇಲ್ಲಿದ್ದರೆ ಅವರಿಗೆ ಕೆಲಸ, ಅಲ್ಲಿಗೆ ಹೋದರೆ ವರ್ಷವಿಡೀ ಬಾಗಿಲಲ್ಲಿ ಕೂತು ಬಲೆ ಹೊಲಿಯುವುದು. ಒಂದು ವರ್ಷ ಆಚೆ ಊರಿನವರ ಹತ್ತಿರ ಹೋಗಿ, ತಲೆಯ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದು, ಒಂದು ಮೂಲೆಯಲ್ಲಿ ಬಲೆ ಬೀಸಲು ಬಿಡಿ ಎಂದು ಕೇಳಿದ್ದರು. ಅವರು ನಕ್ಕು ಕಳಿಸಿದ್ದರು. ಅದನ್ನು ಇವರು ಇವತ್ತಿಗೂ ಮರೆತಿಲ್ಲ.

ಹೀಗಿರುವಾಗ, ಆಟಕ್ಕೆ ಒಂದು ತಿಂಗಳಿದೆ ಅನ್ನುವಾಗ, ಕಸ್ತೂರಿ ಬಾಯಿ ಮುಚ್ಚಿದಳು.

ಸಂಜೆ ಗಿರಣಿಯ ಕಟ್ಟೆಯ ಮೇಲೆ ಚಾಪೆ ಹಾಸಿ ಕೂತಿದ್ದಳು. ಹೆಂಗಸರು ದಿನದಂತೆ ತಾಟು ಹಿಡಿದು ಸಾಲಾಗಿ ಬರುತ್ತಿದ್ದರು. ನಾನು ಒಳಗೆ ಯಾರದೋ ಜೋಳ ಬೀಸುತ್ತ ಒಂದು ಕಣ್ಣು ಹೊರಗಿಟ್ಟಿದ್ದೆ. ನಮ್ಮ ಪಕ್ಕದ ಮನೆಯ ಹುಸೇನಬಿಯ ಸರದಿ ಬಂತು. ಹುಸೇನಬಿ ನೇಕಾರರಿಗೆ ನೂಲಿಗೆ ಬಣ್ಣ ಹಾಕಿ ಕೊಡುವವಳು, ಅವಳ ಬೆರಳು ಸದಾ ನೀಲಿ. ಆ ನೀಲಿ ಬೆರಳುಗಳಲ್ಲಿ ಅನ್ನ ಸಾರು ಕಲಸಿದ ತುತ್ತು ಹಿಡಿದು ನಿಂತಳು. ಕಸ್ತೂರಿ ಬಾಯಿ ತೆರೆಯಲಿಲ್ಲ.

"ಯಾಕವ್ವಾ, ಉಪ್ಪು ಕಡಿಮಿ ಆಗೈತೇನು?" ಹುಸೇನಬಿ ಕೇಳಿದಳು.

"ಉಪ್ಪು ಬರೋಬ್ಬರಿ ಇರತೈತಿ ಚಿಗವ್ವ. ನನಗ ಸಾಕು."

ಸಾಲಿನಲ್ಲಿ ನಿಂತವರೆಲ್ಲ ನನ್ನ ಕಡೆ ತಿರುಗಿದರು. ನಾನು ಮೋಟರು ಬಂದ್ ಮಾಡಿದೆ. ಸಪ್ಪಳ ನಿಂತ ಮೇಲೆ ಆ ಮಾತು ಇನ್ನೂ ದೊಡ್ಡದಾಗಿ ಕೇಳಿಸಿದ ಹಾಗಾಯಿತು. ಮಗಳಿಗೆ ಮೈ ಹುಷಾರಿಲ್ಲ, ನಾಳೆ ಬರ್ರಿ ಎಂದು ಎಲ್ಲರನ್ನೂ ಸಾಗಹಾಕಿ, ಅವಳ ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಬಂದೆ. ಬಾಯಿಗೆ ಬಂದಂತೆ ಬೈದೆ. ಯಾರಾದರೂ ಏನಾದರೂ ಅಂದರಾ, ಹುಡುಗರು ಚುಡಾಯಿಸಿದರಾ, ಮಾಸ್ತರರು ಬೈದರಾ, ಹೊಟ್ಟೆ ನೋಯುತ್ತದಾ, ಸೊಂಟ ನೋಯುತ್ತದಾ ಎಂದು ಒಂದರ ಹಿಂದೆ ಒಂದು ಕೇಳಿದೆ. ಎಲ್ಲದಕ್ಕೂ ಇಲ್ಲ ಅಂದಳು.

"ಮತ್ತ ಏನಾಗೈತಿ ನಿನಗ?"

"ಏನೂ ಆಗಿಲ್ಲ. ನಾ ಇನ್ನ ಹಗ್ಗ ಹಿಡಿಯಂಗಿಲ್ಲ."

"ಹಂಗಂದ್ರ? ಏನರ ಕಾರಣ ಬೇಕಲ್ಲ?"

ಜೋಳದ ಚೀಲಕ್ಕೆ ಒರಗಿ ಕೂತಳು. ಆಮೇಲೆ ಕೇಳಿದಳು: "ಅವ್ವಾ, ನಿನಗ ಹಸಿವಿ ಆದಾಗ ಹೆಂಗ ಆಗತೈತಿ?"

ನನ್ನನ್ನು ಆಡಿಕೊಳ್ಳುತ್ತಿದ್ದಾಳೆ ಅಂದುಕೊಂಡೆ. ಮುಖ ನೋಡಿದರೆ ಹಾಗಿರಲಿಲ್ಲ.

"ಗಿರಣಿ ಬಂದ್ ಮಾಡಿ ಬರೂದ್ರಾಗ ಹೊಟ್ಯಾಗ ಇಲಿ ಓಡ್ಯಾಡತಾವ ಅಂತೀಯಲ್ಲ, ಅದು ಹೆಂಗಿರತೈತಿ ಅಂತ ನನಗ ಮರತ ಹೋಗೈತಿ. ಬೆಲ್ ಹೊಡದ ಕೂಡಲೆ ಹುಡುಗ್ಯಾರು ಡಬ್ಬಿ ತಗದು ಒಬ್ಬರ ಕೈಯಾಂದು ಒಬ್ಬರು ಕಸಕೊಂಡು ತಿಂತಾರ. ನಾ ನೋಡಕೋತ ಕೂಡತೀನಿ. ರೊಟ್ಟಿ ವಾಸನಿ ಬಂದ್ರ ಹೊಟ್ಟಿ ತೊಳಸತೈತಿ. ನೀ ಮಾಡಿದ್ದು ಯಾವುದು, ಮಂದಿ ಮಾಡಿದ್ದು ಯಾವುದು, ಏನೂ ಗೊತ್ತಾಗಂಗಿಲ್ಲ. ಬಾಯಿ ತಗೀತೀನಿ, ನುಂಗತೀನಿ. ನನಗ ಒಮ್ಮೆ ಹಸಿವಿ ಆಗಬೇಕವ್ವ. ಅಷ್ಟ."

 ದಿನಾ ಅವಳ ಮುಂದೆಯೇ ಕೂತು ಊಟ ಮಾಡುವವಳು ನಾನು. ಅವಳು ಎಂದೂ ತಟ್ಟೆಯ ಕಡೆ ನೋಡದೆ ನುಂಗುವುದನ್ನು ನೋಡಿದ್ದೆ, ಶಾಣ್ಯಾ ಹುಡುಗಿ, ಹಠ ಮಾಡದೆ ತಿನ್ನುತ್ತಾಳೆ ಎಂದುಕೊಂಡಿದ್ದೆ. ಗೂಟದ ಅವ್ವ ಎಂದು ಬಸ್ಸಿನಲ್ಲಿ ನನಗೆ ಸೀಟು ಬಿಟ್ಟುಕೊಡುತ್ತಿದ್ದರು, ಅದರಿಂದ ಖುಷಿಯೂ ಆಗುತ್ತಿತ್ತು. ಈಗ ಅವಳ ತಲೆಯ ಮೇಲೆ ಬಿದ್ದಿದ್ದ ಹಿಟ್ಟನ್ನು ಸೆರಗಿನಿಂದ ಒರೆಸಿದೆ. "ನಿಮ್ಮಪ್ಪಗ ನಾ ಹೇಳತೀನಿ" ಅಂದೆ. 

ಅವರಪ್ಪ ಮೀನಿನ ಬುಟ್ಟಿ ಇಳಿಸಿ, ಕೈಕಾಲು ತೊಳೆದು ಕೂತ ಮೇಲೆ ಹೇಳಿದೆ.  ಎಲ್ಲ ಕೇಳಿಕೊಂಡು ಮಗಳ ಕಡೆ ತಿರುಗಿದರು.

"ಹಸಿವಿ ಬೇಕಂತ ಹಸಿವಿ. ಊರಿಗೆ ನೀರಿಲ್ಲದಂಗ ಆಗಲಿ, ಹಸಿವಿ ಏನಂತ ಎಲ್ಲಾರಿಗೂ ಗೊತ್ತಾಗತೈತಿ. ನಾ ನಿನಗ ಏನ ಕಡಿಮಿ ಮಾಡೀನಿ ಕಸ್ತೂರಿ? ಏನರ ಕೇಳೀನೇನು ಇಷ್ಟು ವರ್ಷದಾಗ? ಇದೊಂದು ಬಿಟ್ಟು?"

"ನೀ ಏನೂ ಕಡಿಮಿ ಮಾಡಿಲ್ಲಪ್ಪ" ಎಂದು ಅವಳು ಸಣ್ಣ ದನಿಯಲ್ಲಿ ಅಂದಳು. ಅವರು ಎದ್ದು ಬಾಗಿಲಿಗೆ ಹೋಗಿ ಬಲೆ ಹಿಡಿದರು. ಕಸ್ತೂರಿಯ ಅಪ್ಪ ಸಿಟ್ಟು ಬಂದರೆ ಬೈಯುವುದಿಲ್ಲ, ಬಲೆ ಹೊಲಿಯುತ್ತಾರೆ. ಹರಿಯದ ಬಲೆಯನ್ನೂ ಹೊಲಿಯುತ್ತಾರೆ. ಅವತ್ತಿನಿಂದ ಆಟದ ದಿನದ ತನಕ ಅವರು ಹೊಲಿದ ಬಲೆಯಲ್ಲಿ ಮೀನೇನು, ನೀರೂ ಹಾಯುತ್ತಿರಲಿಲ್ಲ.

ಮರುದಿನ ಊರಿಗೆಲ್ಲ ಸುದ್ದಿಯಾಯಿತು. ಆದರೆ ಊರವರಿಗೆ ಅದು ಅರ್ಥವಾದ ರೀತಿಯೇ ಬೇರೆ. ಹುಡುಗಿ ಸಾಕು ಅಂದಳು ಅಂದರೆ ಯಾರದೋ ಅಡಿಗೆ ಕೆಟ್ಟಿರಬೇಕು. ಇಷ್ಟು ವರ್ಷ ಅದೇ ಅದೇ ತಿನ್ನಿಸಿ ಬೇಜಾರು ಮಾಡಿದ್ದೇವೆ. ಸಂಜೆ ನಾನು ಕಟ್ಟೆಯ ಮೇಲೆ ಚಾಪೆ ಹಾಸಿರಲಿಲ್ಲ, ಆದರೂ ಸಾಲು ಮನೆ ಬಾಗಿಲಿಗೇ ಬಂತು, ದಿನಕ್ಕಿಂತ ಉದ್ದ. ಸಾದಾ ಅನ್ನ ತರುತ್ತಿದ್ದವರು ಮಾದಲಿ ಮಾಡಿಕೊಂಡು ಬಂದಿದ್ದರು. ಶೇಂಗಾ ಹೋಳಿಗೆ, ತುಪ್ಪ ಸುರಿದ ಕಡುಬು, ಎಣ್ಣೆಗಾಯಿ ಬದನೆಕಾಯಿ. ಒಬ್ಬಳು ತವರಿನಿಂದ ಕುಂದಾ ತರಿಸಿದ್ದಳು. ನಿನ್ನ ಚಟ್ನಿಯ ಖಾರದಿಂದಲೇ ಹುಡುಗಿಯ ಬಾಯಿ ಕೆಟ್ಟಿತು, ನಿನ್ನ ಸಾರಿನ ಹುಳಿಯಿಂದ ಕೆಟ್ಟಿತು ಎಂದು ಇಬ್ಬರು ನಮ್ಮ ಬಾಗಿಲಲ್ಲೇ ಜಗಳಕ್ಕೆ ನಿಂತರು. ಹುಸೇನಬಿ ಹೊಸದಾಗಿ ಮಾಡಿದ ಬೇಳೆಸಾರಿನ ಬಟ್ಟಲು ಹಿಡಿದು ಗೋಡೆಗೆ ಅಂಟಿ ನಿಂತಿದ್ದಳು. "ಮೊದಲ ಸಾಕು ಅಂದಿದ್ದು ನನ್ನ ತುತ್ತಿಗೆ, ಯಮನಕ್ಕಾ" ಎಂದಳು. ಅವಳ ಕಣ್ಣು ತುಂಬಿದ್ದವು.

"ನಿನ್ನ ಸಾರಿಗೆ ಏನೂ ಆಗಿಲ್ಲ ಮಾರಾಯ್ತಿ. ಆಕಿಗೆ ಹಸಿವಿ ಇಲ್ಲ, ಅಷ್ಟ" ಎಂದೆ.

"ಹಸಿವಿ ಯಾಕಿಲ್ಲ? ಹುಳಿ ಜಾಸ್ತಿ ಹಾಕ್ಲೇನು?"

ನನಗೆ ನಗು ಬಂತು, ಅಳುವೂ ಬಂತು. ಎಲ್ಲರನ್ನೂ ಕೈಮುಗಿದು ಕಳಿಸಿದೆ. ಒಳಗೆ ಕಸ್ತೂರಿ ಮೂಗಿಗೆ ಓಢಣಿ ಒತ್ತಿಕೊಂಡು ಕೂತಿದ್ದಳು. ಆ ವಾರವೆಲ್ಲ ನಮ್ಮ ಮನೆಯ ಗೋಡೆಗಳಿಗೂ ತುಪ್ಪದ ವಾಸನೆ ಹತ್ತಿತ್ತು. ಊರು ಎಷ್ಟು ಚೆನ್ನಾಗಿ ಅಡಿಗೆ ಮಾಡಿತೋ ಅವಳು ಅಷ್ಟು ಬಿಗಿಯಾಗಿ ಬಾಯಿ ಮುಚ್ಚಿದಳು.

ಆಮೇಲೆ ಕಡಕೋಳ ಮಾಸ್ತರರು ಬಂದರು. ಅವರು ಹೈಸ್ಕೂಲಿನ ಪಿ.ಟಿ. ಮಾಸ್ತರರು, ಒಳ್ಳೆಯ ಮನುಷ್ಯ, ಮಕ್ಕಳ ಮೇಲೆ ಕೈ ಎತ್ತಿದವರಲ್ಲ. ಚಹಾ ಕುಡಿದು, ಲೋಟ ಕೆಳಗಿಟ್ಟು, ನಿಧಾನಕ್ಕೆ ಶುರು ಮಾಡಿದರು. "ಇದೊಂದು ಸಲ ನಿಂದ್ರು ಕಸ್ತೂರಿ. ಪರೀಕ್ಷಾ ಮುಗದ ಮ್ಯಾಲ ನೀ ಹೈಸ್ಕೂಲ ಬಿಟ್ಟು ಹೊಂಟೀ, ಯಾರೂ ನಿನ್ನ ಕೇಳಂಗಿಲ್ಲ. ಆಟದ ಹೊತ್ತಿನ್ಯಾಗ ಗೂಟ ಬದಲಿ ಮಾಡಿದ್ರ ಉಳಿದ ಹುಡುಗ್ಯಾರ ಕೈಕಾಲು ಬೀಳತಾವು. ಅವರರ ಏನ ಮಾಡ್ಯಾರ?"

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಅದೇ ಕಷ್ಟ.

"ಹೋದ ವರ್ಷಾನೂ ಇದೊಂದು ಸಲ ಅಂದಿದ್ರಿ ಸರ್" ಎಂದಳು ಕಸ್ತೂರಿ. "ನಾ ನಿಮಗ ಆವಾಗ ಹೇಳಿದ್ದೆ. ನೀವು ಬೆನ್ನು ತಟ್ಟಿ, ಒಂದು ಬಾಳೇಹಣ್ಣು ಕೊಟ್ರಿ."

ಮಾಸ್ತರರು ಲೋಟ ಎತ್ತಿ ನೋಡಿದರು, ಅದರಲ್ಲಿ ಚಹಾ ಇರಲಿಲ್ಲ. ಹೋದ ವರ್ಷವೇ ಹೇಳಿದ್ದಳು ಎಂಬುದು ನನಗೂ ಅವತ್ತೇ ಗೊತ್ತಾಗಿದ್ದು. ನನಗೇಕೆ ಹೇಳಲಿಲ್ಲ ಎಂದು ಆಮೇಲೆ ಕೇಳಿದೆ. "ನೀ ಅವತ್ತು ಹೊಸ ಸೀರಿ ಉಟ್ಟಿದ್ದಿ. ಖುಷಿಯಾಗಿದ್ದಿ" ಎಂದಳು. ನಾನು ಹಿಟ್ಟಿನ ಡಬ್ಬಿ ಅತ್ತಿತ್ತ ಸರಿಸುತ್ತ ನಿಂತೆ. ಆವತ್ತೇ ನಾನು ಮನಸ್ಸು ಗಟ್ಟಿ ಮಾಡಿದ್ದು. ಇನ್ನು ಯಾರು ಬಂದರೂ ಮೊದಲು ನನ್ನ ಹತ್ತಿರ ಮಾತಾಡಲಿ ಎಂದು ಮಗಳನ್ನು ಒಳಗೆ ಕಳಿಸಿ, ಬಾಗಿಲಲ್ಲಿ ನಾನೇ ಕೂರತೊಡಗಿದೆ.

ಮಾಸ್ತರರ ಮಾತೂ ನಡೆಯಲಿಲ್ಲ ಎಂದು ತಿಳಿದ ಮೇಲೆ ತಾಟುಗಳು ನಿಂತವು. ತಾಟಿನ ಜೊತೆಗೆ ಕಾಳೂ ನಿಂತಿತು. ಯಾರೂ ನನ್ನ ಗಿರಣಿಗೆ ಬೀಸಲು ಬರಲಿಲ್ಲ. ಜೋಳದ ಚೀಲ ಹೊತ್ತುಕೊಂಡು ಬಯಲು ದಾಟಿ ಆಚೆ ಊರಿನ ಗಿರಣಿಗೆ ಹೋದರು. ನಮ್ಮನ್ನು ಸೋಲಿಸಲು ಕಾದು ಕೂತ ಊರಿನಲ್ಲಿ ಹಿಟ್ಟು ಮಾಡಿಸಿಕೊಂಡು, ನಾನು ಊರಿಗೆ ಎರಡು ಬಗೆದೆ ಎಂದು ಮಾತಾಡಿಕೊಂಡು ಬರುತ್ತಿದ್ದರು.  ದಾರಿಗೆ ಅಡ್ಡ ನಿಂತು ನಾಲ್ಕು ಮಾತು ಅಂದೂ ಬಂದೆ. ಏನೂ ಉಪಯೋಗವಾಗಲಿಲ್ಲ. ಶಾಲೆಯಲ್ಲಿ ಕಸ್ತೂರಿಯ ಬೆಂಚಿನಲ್ಲಿ ಹುಸೇನಬಿಯ ಮಗಳು ರಜಿಯಾ ಒಬ್ಬಳೇ ಕೂರುತ್ತಿದ್ದಳಂತೆ. ರಜಿಯಾ ಕಡ್ಡಿಯಂಥ ಹುಡುಗಿ, ಹಗ್ಗದಲ್ಲಿ ಕಸ್ತೂರಿಯ ಮುಂದೆ ನಿಲ್ಲುವವಳು.

ಆಟ ಹತ್ತಿರ ಬಂದಂತೆ ಕಸ್ತೂರಿ ಸೊರಗತೊಡಗಿದಳು. ಯಾರೂ ತಿನ್ನಿಸುತ್ತಿರಲಿಲ್ಲ, ಅವಳಿಗೂ ತಿನ್ನಬೇಕು ಅನ್ನಿಸುತ್ತಿರಲಿಲ್ಲ. ನಾನು ಒಂದು ರೊಟ್ಟಿ ಮುಂದಿಟ್ಟರೆ ಅರ್ಧ ಮುರಿದು ಬಾಯಿಗಿಟ್ಟು, ನೀರು ಕುಡಿದು ಎದ್ದುಬಿಡುತ್ತಿದ್ದಳು. "ಹಸಿವಿ ಬಂತೇನು?" ಎಂದು ನಾನು ದಿನಾ ಕೇಳುತ್ತಿದ್ದೆ. ಇಲ್ಲ ಎಂದು ತಲೆ ಅಲ್ಲಾಡಿಸುತ್ತಿದ್ದಳು. ಅವರಪ್ಪ ಬಾಗಿಲಲ್ಲಿ ಬಲೆಯ ಮೇಲೆ ಬಗ್ಗಿ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಒಂದು ದಿನ ನನಗೆ ತಡೆಯಲಾಗಲಿಲ್ಲ. "ನೀವು ಬೈದರ ಬೈಯ್ರಿ, ಹಿಂಗ ಬಾಯಿ ಹೊಲಕೊಂಡು ಕುಂಡ್ರಬ್ಯಾಡ್ರಿ" ಎಂದೆ.

ಅವರು ಸೂಜಿ ನಿಲ್ಲಿಸಿದರು. "ನಾ ಏನ ಬೈಲಿ ಯಮನವ್ವಾ. ಆಕಿ ಹೇಳೂದು ನನಗ ತಿಳಿಯೂದಿಲ್ಲ ಅಂತ ತಿಳದೀಯೇನು? ತಿಳೀತೈತಿ. ಆದ್ರ ನಾ ಮತ್ತ ಆ ಮಂದಿ ಮುಂದ ಟವೆಲ್ ತಗದು ನಿಂದ್ರಲಾರೆ." ಅಷ್ಟು ಹೇಳಿ ಮತ್ತೆ ಸೂಜಿ ಓಡಿಸಿದರು. ಅವರ ಮೇಲೆ ಸಿಟ್ಟು ಇಟ್ಟುಕೊಳ್ಳುವುದು ಅವತ್ತಿನಿಂದ ನನಗೆ ಇನ್ನೂ ಕಷ್ಟವಾಯಿತು.

ಆಟದ ದಿನ ಬೆಳಿಗ್ಗೆಯೇ ಹಲಗೆ ಬಾರಿಸುವುದು ಕೇಳಿಸಿತು. ಮನೆಯಲ್ಲೇ ಇದ್ದುಬಿಡೋಣ, ಬಾಗಿಲು ಹಾಕಿಕೊಳ್ಳುತ್ತೇನೆ ಎಂದೆ. ಕಸ್ತೂರಿ ಕೇಳಲಿಲ್ಲ. "ನಾ ಏನ ಕಳುವು ಮಾಡೀನೇನು ಅಡಗಿ ಕುಂಡ್ರಾಕ? ರಜಿಯಾ ಜಗ್ಗೂದು ನೋಡಬೇಕು" ಎಂದು ಶಾಲೆಯ ಸಮವಸ್ತ್ರವನ್ನೇ ಹಾಕಿಕೊಂಡು ನನ್ನ ಜೊತೆ ಬಂದಳು. ಬಯಲಿನಲ್ಲಿ ಸುಣ್ಣದ ಗೆರೆ ಎಳೆದಿದ್ದರು. ಈ ಕಡೆ ನಮ್ಮೂರು, ಆ ಕಡೆ ಅವರೂರು, ನಮ್ಮ ಬೆನ್ನ ಹಿಂದೆ ಕೆರೆ. ಕೆರೆ ಅವತ್ತು ಅಲೆಯಿಲ್ಲದೆ ಬಿದ್ದುಕೊಂಡಿತ್ತು. ನಾವು ಬರುವುದನ್ನು ನೋಡಿ ಜನ ಎರಡೂ ಕಡೆ ಸರಿದು ದಾರಿ ಬಿಟ್ಟರು. ಅವರು ದಾರಿ ಬಿಟ್ಟದ್ದು ಹಗ್ಗದ ತುದಿಯವರೆಗೆ ಎಂಬುದು ಅಲ್ಲಿಗೆ ಹೋಗಿ ಮುಟ್ಟಿದ ಮೇಲೆ ತಿಳಿಯಿತು.

ಹುಡುಗಿಯರು ಹಗ್ಗ ಹಿಡಿದು ಆಗಲೇ ನಿಂತಿದ್ದರು. ಹಿಂದೆ ಜಾಗ ಖಾಲಿ ಬಿಟ್ಟಿದ್ದರು. ಕಡಕೋಳ ಮಾಸ್ತರರು ಹಗ್ಗದ ತುದಿ ಎತ್ತಿ ನನ್ನ ಎರಡೂ ಕೈಗಳಲ್ಲಿ ಇಟ್ಟರು.  ಹಲಗೆ ನಿಂತಿತು.

ಕಸ್ತೂರಿ ನನ್ನ ಪಕ್ಕದಲ್ಲೇ ಇದ್ದಳು. ಜನರ ನಡುವಿನಿಂದ ಅವರಪ್ಪ ಬಂದರು. ಮಗಳ ಎದುರು ನಿಂತು, ತಲೆಯ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದರು. "ಕಸ್ತೂರಿ" ಅಂದರು.  

ಅಪ್ಪ ಟವೆಲ್ಲು ತೆಗೆದದ್ದನ್ನು ಅವಳಿಗೆ ನೋಡಲಾಗಲಿಲ್ಲ. ಖಾಲಿ ಜಾಗಕ್ಕೆ ಹೋಗಿ ನಿಂತಳು. ಎರಡೂ ಕೈಗಳನ್ನು ಮೈಯಿಂದ ದೂರ ಎತ್ತಿ, ನಾನು ಹಗ್ಗ ಸುತ್ತಲು ಅನುಕೂಲವಾಗುವಂತೆ ಹಿಡಿದಳು. "ಕಟ್ಟವ್ವ" ಎಂದಳು.

ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಯಾರೋ ಅಳತೊಡಗಿದರು. ನಾನು ಹಗ್ಗ ಹಿಡಿದು ಅವಳ ಹತ್ತಿರ ಹೋದೆ, ಸೊಂಟದ ಹಿಂದಿನಿಂದ ಒಂದು ಸುತ್ತು ತಂದೆ. ನನ್ನ ಕೈಗೆ ಅದು ಗೊತ್ತಿದ್ದ ಕೆಲಸ, ತಾನಾಗಿಯೇ ನಡೆಯುತ್ತಿತ್ತು. ಗಂಟು ಹಾಕಬೇಕೆಂದು ಮುಂದೆ ಬಂದಾಗ ಅವಳ ಮುಖ ಕಂಡಿತು. ಕಣ್ಣು ಎಲ್ಲೋ ನೆಟ್ಟು, ಬಾಯಿ ಸ್ವಲ್ಪ ತೆರೆದು ನಿಂತಿದ್ದಳು. ಕಟ್ಟೆಯ ಮೇಲೆ ಕೂತು ತುತ್ತಿಗೆ ಬಾಯಿ ತೆರೆಯುತ್ತಿದ್ದ ಮುಖ ಅದು. ನನ್ನ ಮಗಳು ಆ ಮುಖದಲ್ಲಿ ಇರಲಿಲ್ಲ.

ನನ್ನ ಕೈ ನಿಂತಿತು. ಎದುರಿಗೆ ಅವರಪ್ಪನ ಟವೆಲ್ಲು ಹಿಡಿದ ಕೈ ಕಾಣುತ್ತಿತ್ತು. ಹುಸೇನಬಿಯ ನೀಲಿ ಬೆರಳು ಕಾಣುತ್ತಿತ್ತು, ಕೆರೆಯಿಲ್ಲದಿದ್ದರೆ ಅವಳು ನೂಲು ಎಲ್ಲಿ ಅಲುಬಬೇಕು. ಊರಿನ ಮುದುಕಿಯರು ಮಧ್ಯಾಹ್ನದ ಬಿಸಿಲಲ್ಲಿ ಕೊಡ ಹೊತ್ತು ಬರುವುದು ಕಣ್ಣಿಗೆ ಕಟ್ಟಿತು. ಇಷ್ಟೆಲ್ಲ ಕಂಡಿತು, ಕಾಣಲಿಲ್ಲ ಎಂದು ಹೇಳುವುದಿಲ್ಲ. ಸುತ್ತಿದ ಹಗ್ಗವನ್ನು ಬಿಚ್ಚಿ ನೆಲದ ಮೇಲೆ ಇಟ್ಟೆ.

"ನಾ ಕಟ್ಟಂಗಿಲ್ಲ."

"ಯಮನವ್ವಾರ, ಆಕಿನ ಹೂಂ ಅಂದಾಳ" ಎಂದರು ಮಾಸ್ತರರು.

"ಆಕಿ ಅಂದಾಳ. ನಾ ಒಲ್ಲೆ ಅಂದೀನಿ. ಕಟ್ಟೂವು ನನ್ನ ಕೈ."

ಆಮೇಲೆ ಎದ್ದ ಗದ್ದಲದಲ್ಲಿ ಯಾರು ಏನೆಂದರೋ ನನಗೆ ನೆನಪಿಲ್ಲ, ನೆನಪಿದ್ದದ್ದನ್ನು ಹೇಳುವ ಮನಸ್ಸಿಲ್ಲ. ನಾನೂ ಸುಮ್ಮನಿರಲಿಲ್ಲ. ಕಸ್ತೂರಿ ನನ್ನ ಸೆರಗು ಹಿಡಿದುಕೊಂಡು ಚಿಕ್ಕ ಮಗುವಿನಂತೆ ನಿಂತಿದ್ದಳು. ಅಷ್ಟರಲ್ಲಿ ರಜಿಯಾ ತನ್ನ ಜಾಗ ಬಿಟ್ಟು ಹಿಂದೆ ಬಂದು, ಬಿದ್ದಿದ್ದ ಹಗ್ಗದ ತುದಿ ಎತ್ತಿಕೊಂಡು, "ಅಮ್ಮೀ, ಬಾ ಇಲ್ಲಿ" ಎಂದು ಕರೆದಳು. ಹುಸೇನಬಿ ಬಂದು ಮಗಳ ಆ ಇಷ್ಟೇ ಇಷ್ಟು ಸೊಂಟಕ್ಕೆ ಹಗ್ಗ ಸುತ್ತಿದಳು. ಎಷ್ಟು ಸುತ್ತಿದರೂ ಹಗ್ಗ ಉಳಿಯುತ್ತಿತ್ತು. ನನ್ನಿಂದ ಒಂದು ಮಾರು ದೂರದಲ್ಲಿದ್ದರೂ ನನ್ನ ಕಡೆ ನೋಡಲಿಲ್ಲ.

ಸೀಟಿ ಹೊಡೆದರು. ಹುಡುಗಿಯರು ಹಿಂದಕ್ಕೆ ಒರಗಿದರು. ಹಗ್ಗ ಸೆಟೆದು ನಿಂತಿತು, ಅತ್ತಲೂ ಹೋಗಲಿಲ್ಲ ಇತ್ತಲೂ ಬರಲಿಲ್ಲ. ನಮ್ಮವರು ಕೂಡಲೇ ಬೀಳುತ್ತಾರೆ ಎಂದು ಎಲ್ಲರೂ ತಿಳಿದಿದ್ದರು, ನಾನೂ ಹಾಗೇ ತಿಳಿದಿದ್ದೆ. ಬೀಳಲಿಲ್ಲ. ರಜಿಯಾ ಹಲ್ಲು ಕಚ್ಚಿ ಹಿಮ್ಮಡಿ ಊರಿ ನಿಂತಿದ್ದಳು. ಕಸ್ತೂರಿ ನನ್ನ ಸೆರಗು ಬಿಟ್ಟು ಗೆರೆಯ ಹತ್ತಿರ ಓಡಿ, "ಮಣಕಾಲ ಬಗ್ಗಸು ರಜಿಯಾ, ಸೊಂಟ ಇಳಸು" ಎಂದು ಕೂಗತೊಡಗಿದಳು. ರಜಿಯಾ ಅವಳು ಹೇಳಿದಂತೆ ಸೊಂಟ ಇಳಿಸಿದಳು. ಒಂದು ಗೇಣು ನಮ್ಮ ಕಡೆಗೂ ಬಂತು. ಊರಿಗೆ ಊರೇ ಎದ್ದು ನಿಂತಿತು. ನನಗೆ ಆಸೆಯಾಯಿತು, ಸುಳ್ಳೇಕೆ ಹೇಳಲಿ, ಬಹಳ ಆಸೆಯಾಯಿತು. ಆಮೇಲೆ ರಜಿಯಾಳ ಹಿಮ್ಮಡಿ ಸಡಿಲವಾಯಿತು. ನೆಲದಲ್ಲಿ ನೇಗಿಲು ಎಳೆದ ಹಾಗೆ ಎರಡು ಗೆರೆ ಮೂಡಿಸಿಕೊಂಡು ಹುಡುಗಿ ಮುಂದೆ ಹೋದಳು, ಸುಣ್ಣದ ಗೆರೆ ದಾಟಿದಳು.

ಸಂಜೆ ಕೆರೆ ಹೊರಟಿತು. ಸದ್ದಿಲ್ಲದೆ, ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಬಯಲಿಗೆ ಜಾರಿ, ತಾವರೆ ಎಲೆ, ಮೀನು, ಕಪ್ಪೆ ಎಲ್ಲವನ್ನೂ ಒಳಗಿಟ್ಟುಕೊಂಡೇ ಹೋಯಿತು. ಮುಳುಗಿ ಕೂತಿದ್ದ ಎಮ್ಮೆಗಳು ಮೇಲೇಳದೆ ಅದರ ಜೊತೆಗೇ ಹೋದವು, ಮರುದಿನ ಹೋಗಿ ಹೊಡೆದುಕೊಂಡು ಬರಬೇಕಾಯಿತು. ಕಸ್ತೂರಿಯ ಅಪ್ಪ ದಂಡೆಯ ಮೇಲೆ ನಿಂತು ನೋಡುತ್ತಿದ್ದರು. ಅವರ ತೆಪ್ಪ ಕೆಸರಿನ ಮೇಲೆ ಕೂತಿತು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಅವರು ನನ್ನನ್ನು ಬೈಯಲಿಲ್ಲ. ಟವೆಲ್ಲು ಜಾಡಿಸಿ ತಲೆಗೆ ಸುತ್ತಿಕೊಂಡು, "ತೆಪ್ಪದ ಆಕಡಿ ಬದಿ ಹಿಡಿ" ಎಂದರು. ಇಬ್ಬರೂ ಸೇರಿ ಮನೆಗೆ ಹೊತ್ತು ತಂದೆವು.

ಆಮೇಲಿನ ದಿನಗಳು ಸುಲಭವಾಗಿರಲಿಲ್ಲ. ಮಧ್ಯಾಹ್ನ ಎಲ್ಲ ಹೆಂಗಸರೂ ಒಟ್ಟಿಗೆ ಬಯಲು ದಾಟುತ್ತಿದ್ದರು, ನಾನೂ ಕಸ್ತೂರಿಯೂ ಎಲ್ಲರಿಗಿಂತ ಹಿಂದೆ. ಯಾರೂ ನಮ್ಮ ಜೊತೆ ಮಾತಾಡುತ್ತಿರಲಿಲ್ಲ. ಕಸ್ತೂರಿ ದೊಡ್ಡ ಕೊಡವನ್ನೇ ಹೊರುತ್ತಿದ್ದಳು, ನಮ್ಮ ಮನೆಗೊಂದು ಖೇಪು ತಂದು, ಮುದುಕಿಯರ ಮನೆಗಳಿಗೆ ಇನ್ನೊಂದು ಖೇಪು ತರುತ್ತಿದ್ದಳು. ಅವರು ಅವಳನ್ನು ಕೇಳಿರಲಿಲ್ಲ, ಬೇಡವೆಂದೂ ಅನ್ನಲಿಲ್ಲ. ನೀರು ಬೇಡ ಅನ್ನುವವರು ಯಾರು. ಆದರೆ ಹಸಿವೆ ಬರಲಿಲ್ಲ. ಅಷ್ಟು ದೂರ ನಡೆದು ಬಂದು ಗೋಡೆಗೆ ಒರಗಿ ಕೂರುತ್ತಿದ್ದಳು, ಅರ್ಧ ರೊಟ್ಟಿ ತಿಂದು ಸುಮ್ಮನಾಗುತ್ತಿದ್ದಳು. ನನಗೆ ಹೆದರಿಕೆ ಹತ್ತಿತು. ಊರಿನ ನೀರು ಹೋಯಿತು, ಗಂಡನ ಕೆಲಸ ಹೋಯಿತು, ಇಷ್ಟೆಲ್ಲ ಹೋದ ಮೇಲೂ ಅವಳು ಕೇಳಿದ ಆ ಒಂದು ಬರದಿದ್ದರೆ? ನಾನು ಹಸಿವಿ ಬಂತೇನು ಎಂದು ಕೇಳುವುದನ್ನು ಬಿಟ್ಟೆ. ಕೇಳಲು ಧೈರ್ಯವಾಗುತ್ತಿರಲಿಲ್ಲ.

ಒಂದು ಸಂಜೆ ಹುಸೇನಬಿ ಬಂದಳು, ಆಟದ ದಿನದ ನಂತರ ಮೊದಲ ಸಲ. ಕೈಯಲ್ಲಿ ಬೇರೆ ಯಾರದೋ ಮನೆಯ ತಾಟಿತ್ತು. ಮುಂದಿನ ವರ್ಷದ ಗೂಟ ರಜಿಯಾ ಎಂದು ಊರು ತಾನಾಗಿಯೇ ತೀರ್ಮಾನಿಸಿತ್ತು, ಹೈಸ್ಕೂಲು ಮುಗಿಸಿ ಪಿ.ಯು.ಸಿ. ಸೇರಿದವರೂ ಹಗ್ಗ ಹಿಡಿಯಬಹುದು ಎಂದು ಮಾಸ್ತರರು ಕಟ್ಟಳೆಯನ್ನೂ ಸ್ವಲ್ಪ ಹಿಗ್ಗಿಸಿದ್ದರು. ಹುಸೇನಬಿ ನನ್ನ ಹೊಸ್ತಿಲಲ್ಲಿ ನಿಂತು, "ತಾಟು ಬರಾಕ ಹತ್ಯಾವ ಯಮನಕ್ಕಾ. ಏನ ಮಾಡ್ಲಿ?" ಎಂದಳು.

"ನನ್ನ ಯಾಕ ಕೇಳತೀ? ನಿನ್ನ ಮಗಳನ್ನ ಕೇಳು" ಎಂದೆ.

ಅವಳು ತಾಟಿನ ಮೇಲೆ ಸೆರಗು ಮುಚ್ಚಿದಳು. "ಕೇಳತೀನಿ" ಎಂದಳು. ಹೋಗುವಾಗ ತಿರುಗಿ, "ನಾಳೆ ಒಂದಿಷ್ಟು ಗೋದಿ ತರತೀನಿ, ಬೀಸಿಕೊಡು" ಎಂದಳು. ಆ ಒಂದು ಚೀಲ ಗೋದಿಗೆ ನಾನು ಮೋಟರಿನ ಪಟ್ಟೆ ಒರೆಸಿ, ಬೀಸುವ ಕಲ್ಲು ಕುಟ್ಟಿಸಿ, ಮದುವೆಗೆ ತಯಾರಾದವಳ ಹಾಗೆ ಕಾದೆ.

ಅದಾದ ಕೆಲವು ದಿನಗಳಿಗೆ, ಮಧ್ಯಾಹ್ನ, ಮುದುಕಿಯರ ಮನೆಗಳಿಗೆಲ್ಲ ನೀರು ಹಾಕಿ ಕಸ್ತೂರಿ ಮನೆಗೆ ಬಂದಳು. ಕೊಡ ಇಳಿಸಿದಳು. ಹೊಸ್ತಿಲಲ್ಲೇ ನಿಂತು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ನೋವೇನೋ ಎಂದು ನಾನು ಗಾಬರಿಯಾದೆ.

"ಅವ್ವಾ, ತಿನ್ನಾಕ ಏನರ ಐತೇನು?"

ಬಾಗಿಲಲ್ಲಿ ಬಲೆ ಹೊಲಿಯುತ್ತಿದ್ದ ಅವರಪ್ಪ ತಲೆ ಎತ್ತಿದರು. ನಾನು ಒಲೆ ಹಚ್ಚಿದೆ. ಮೊದಲ ರೊಟ್ಟಿ ತಟ್ಟುವಾಗಲೇ ಹರಿಯಿತು. ಅವಳು ಅದು ಬೇಯುವವರೆಗೂ ತಡೆಯಲಿಲ್ಲ. ಒಲೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು, "ಹಸಿ ಇದ್ರೂ ನಡೀತೈತಿ ಕೊಡು" ಎಂದು ಹಂಚಿನಿಂದಲೇ ಎತ್ತಿಕೊಂಡಳು. ಬೆರಳು ಸುಟ್ಟುಕೊಂಡು, ಊದಿ ಊದಿ, ಮುರಿದುಕೊಂಡು ತಿಂದಳು. ತಿನ್ನುವಾಗ ರೊಟ್ಟಿಯನ್ನೇ ನೋಡುತ್ತಿದ್ದಳು. ಅವರಪ್ಪ ಬಲೆ ಕೆಳಗಿಟ್ಟು ಒಳಗೆ ಬಂದರು, ನೆಲುವಿನಿಂದ ಶೇಂಗಾ ಚಟ್ನಿಯ ಡಬ್ಬಿ ಇಳಿಸಿ ಅವಳ ಮುಂದಿಟ್ಟರು, ತಾವೂ ಒಂದು ತಾಟು ತೆಗೆದುಕೊಂಡು ಎದುರಿಗೆ ಕೂತರು. ಇಬ್ಬರಿಗೂ ಹಾಕುತ್ತ ಹೋದೆ.  ಹೊಗೆಯಿಂದ ಕಣ್ಣೀರು ಬರುತ್ತಿದೆ ಎಂದು ತೋರಿಸಿಕೊಳ್ಳಲು ನಾನು ಒಂದೆರಡು ಸಲ ಒಲೆ ಊದಿದೆ.

ಇನ್ನೊಂದು ರೊಟ್ಟಿ ಉಬ್ಬಿತು. ಅದನ್ನು ಎತ್ತಿ ಕಸ್ತೂರಿಯ ತಾಟಿನ ಕಡೆ ಚಾಚಿದೆ. ಅವಳು ತಾಟಿನ ಮೇಲೆ ಅಂಗೈ ಅಡ್ಡ ಹಿಡಿದಳು.

"ಸಾಕವ್ವ."

ರೊಟ್ಟಿ ಹಿಡಿದ ನನ್ನ ಕೈ ಹಾಗೇ ನಿಂತಿತು. ಅಭ್ಯಾಸ ಬಿಡಬೇಕಲ್ಲ, ಇನ್ನೊಂದು ತಿನ್ನು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವರಪ್ಪ ನನ್ನ ಮುಖ ನೋಡಿದರು, ಆಮೇಲೆ ತಮ್ಮ ತಾಟನ್ನು ನನ್ನ ಕಡೆ ಸರಿಸಿದರು.

"ಸಾಕು ಅಂದ್ಲಲ್ಲ. ಇಲ್ಲೆ ಹಾಕು."